ಕಿಟಕಿಗೆ ಅಡ್ಡ ನಿಂತ ಟಿವಿ

ಪಕ್ಕದ ಮನೆಯ ಅಕ್ಕನಿಗೆ,

ತಟ್ಟಿದರೂ ನೀನು ಬಾಗಿಲು ತೆರೆಯುತ್ತಿಲ್ಲ, ಅದಕ್ಕೇ ಈ ಕಾಗದವನ್ನು ಸಂದಿಯಲ್ಲಿ ತೂರಿಸುತ್ತಿದ್ದೇನೆ. ನಿನ್ನ ಮೇಲಿನ ಸಿಟ್ಟಿಗೆ ನಮ್ಮಿಬ್ಬರ ನಡುವಿನ ಕಿಟಕಿಗೆ ದೊಡ್ಡ ಟಿವಿ ಅಡ್ಡ ಹಾಕಿದೆನೆಂದು ಬೀದಿಯಲ್ಲಿ ಹೇಳಿದೆಯಂತೆ. ಸುಳ್ಳು! ಅಂಗಡಿಯಲ್ಲಿ ಪರದೆಯ ಉದ್ದ ನೋಡಿ ಮರುಳಾದೆವೇ ಹೊರತು ಮನೆಯ ಗೋಡೆ ಅಳೆಯಲಿಲ್ಲ. ಬೆಂಕಿಪೊಟ್ಟಣದಂಥ ಕೋಣೆ ಕಟ್ಟಿ ಬಾಡಿಗೆ ಹಿಂಡುವ ಮಾಲೀಕ ಕಿಟಕಿ ಬಿಟ್ಟರೆ ಇನ್ನೆಲ್ಲಿ ಜಾಗ ಇಟ್ಟಿದ್ದಾನೆ?

ನಮಗೆ ಟಿವಿ ಇಲ್ಲದ ಕಾಲದಲ್ಲಿ, ಸಂಜೆಯಾದರೆ ನೀನು ನಿನ್ನ ಪುಟ್ಟ ಡಬ್ಬಿ ಟಿವಿಯನ್ನು ಆ ಕಿಟಕಿಯಲ್ಲಿ ನಮ್ಮ ಕಡೆ ತಿರುಗಿಸುತ್ತಿದ್ದೆ. ಚಿತ್ರ ಅಲುಗಿದರೆ ಅದರ ತಲೆಗೊಂದು ಬಾರಿಸಿ, "ಏನೇ, ಈಗ ಕಾಣ್ತಾ?" ಎಂದು ಕೂಗುತ್ತಿದ್ದೆ. ನಾನು ಮಗುವನ್ನು ಸೊಂಟಕ್ಕೇರಿಸಿಕೊಂಡು ನಿಂತೇ ನೋಡಿ, ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದೆ. ಈಗಿನದರಲ್ಲಿ ನಾಯಕನ ಮೂಗಿನ ಕೂದಲೂ ಕಾಣುತ್ತದೆ. ಕಾಣ್ತಾ ಎಂದು ಕೇಳುವವರು ಮಾತ್ರ ಇಲ್ಲ.

ಭಾನುವಾರ ಅದನ್ನು ಇಳಿಸುತ್ತೇನೆ. "ಇಳಿಸಿ ಎಲ್ಲಿಡ್ತೀಯ, ನನ್ನ ತಲೆ ಮೇಲಾ?" ಎಂದು ನನ್ನ ಗಂಡ ಹಾರಾಡುತ್ತಿದ್ದಾನೆ, ಅವನು ಕೈ ಜೋಡಿಸುವುದಿಲ್ಲ. ಒಂದು ತುದಿ ನಾನು ಹಿಡಿಯುತ್ತೇನೆ, ಇನ್ನೊಂದಕ್ಕೆ ನೀನು ಬಾ. ಬೈಯುವುದಿದ್ದರೆ ಎತ್ತುವಾಗಲೇ ಬೈ. ಕೈ ಮಾತ್ರ ಬಿಡಬೇಡ.

ಗೋಡೆಯಾಚೆಯ ನಿನ್ನ ತಂಗಿ