ನೋಟಿನಂತೆ ಕಟ್ಟಿದ ಸ್ಪ್ರಿಂಗು

ಟಾಲಿಗಂಜ್, ಕೋಲ್ಕತ್ತಾ
9 ಜನವರಿ 2025

ಪ್ರೀತಿಯ ಪದ್ಮಿನಿ ಅಕ್ಕನಿಗೆ,

ನಿನ್ನ ತಂಗಿಯ ನಮಸ್ಕಾರಗಳು. ನಿನ್ನ ಮಗಳು ಪೂರ್ವಿಯ ಹುಟ್ಟುಹಬ್ಬಕ್ಕೆ ಬರಲೂ ಇಲ್ಲ, ಬರೆಯಲೂ ಇಲ್ಲ ಎಂದು ಸಿಟ್ಟಾಗಬೇಡ. ಫೋನಿನಲ್ಲಿ ಹೇಳೋಣವೆಂದರೆ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ನನಗೆ ಮೊದಲೇ ಮಾತು ಕಡಿಮೆ. ಸಾಲುಗಳು ಓರೆಯಾಗಿದ್ದರೆ, ಐದನೇ ಕ್ಲಾಸಿಗೆ ಶಾಲೆ ಬಿಟ್ಟದ್ದು ಕಾರಣವಲ್ಲ. ನನ್ನ ಎಡಗಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ಸೋಮವಾರ ಬಿಚ್ಚುತ್ತಾರೆ. ಕಾಣಬಹುದು, ಕಾಣದೆಯೂ ಇರಬಹುದು ಎಂದು ಡಾಕ್ಟರು ಹೇಳಿದ್ದಾರೆ.

"ಬಚ್ಚಲಲ್ಲಿ ಜಾರಿದ್ದು ಅಂತ ಬರಿ ಮಾರಾಯ್ತಿ, ಊರಲ್ಲಿ ಸುಮ್ನೆ ಮಾತಾಗುದು ಬೇಡ" ಎಂದರು ಅತ್ತೆ. ನಾನು ಜಾರಲಿಲ್ಲ.

ಇವರು ಹಳೆಯ ಅಂಬಾಸಿಡರ್ ಕೊಂಡದ್ದು ನಿನಗೆ ಗೊತ್ತು. ಹಳೆ ಕಾರುಗಳ ಮೆರವಣಿಗೆಯಲ್ಲಿ ಅದನ್ನು ಓಡಿಸಬೇಕಂತೆ. ಇಂಜಿನ್ನಿನ ಮೇಲ್ಭಾಗವನ್ನು ಬಿಚ್ಚಿ ಊಟದ ಮೇಜಿನ ಮೇಲೆ ತಂದಿಟ್ಟರು. ಬ್ಯಾಂಕಿನ ಕ್ಯಾಷಿಯರ್ ಮೆಕ್ಯಾನಿಕ್ ಆಗಲು ಎಷ್ಟು ಹೊತ್ತು ಬೇಕು? ಮೊಬೈಲಿನಲ್ಲಿ ವಿಡಿಯೋ ನೋಡಿದರಾಯಿತು. ಅದನ್ನೂ ಅತ್ತೆಯ ಧಾರಾವಾಹಿಗೆ ತೊಂದರೆಯಾಗದಿರಲೆಂದು ಸದ್ದು ನಿಲ್ಲಿಸಿ ನೋಡಿದರು. ವಿಡಿಯೋದವನು ಎಚ್ಚರಿಕೆ ಹೇಳುವಾಗ ಇವರಿಗೆ ಅವನ ಬಾಯಿ ಆಡುವುದು ಮಾತ್ರ ಕಂಡಿತು.

ಇಂಜಿನ್ನಿನ ವಾಲ್ವುಗಳ ಮೇಲೆ ದಪ್ಪ ಸ್ಪ್ರಿಂಗುಗಳಿರುತ್ತವೆ. ಬಿಚ್ಚಿದ ಮೇಲೆ ಅವನ್ನು ಸಡಿಲವಾಗಿಯೇ ಇಡಬೇಕು. ಇವರು, ಮತ್ತೆ ಜೋಡಿಸುವಾಗ ಸುಲಭವಾಗಲೆಂದು, ಒಂದನ್ನು ಇಕ್ಕಳದಲ್ಲಿ ಒತ್ತಿ ಹಿಡಿದು, ನೋಟಿನ ಕಟ್ಟಿಗೆ ಸುತ್ತುವ ಹುರಿಯಿಂದ ಬಿಗಿದರು. ಮೇಲೆ ಚೀಟಿ ಅಂಟಿಸಿ ಸಹಿ ಹಾಕಿದರು. ಸಹಿ ಕಂಡು ಸ್ಪ್ರಿಂಗು ಹೆದರಿ ಕೂತಿರುತ್ತದೆ ಎಂದುಕೊಂಡಿರಬೇಕು.

"ಬಿಚ್ಕೊಂಡ್ರೆ?" ಎಂದೆ.

"ಲಕ್ಷ ಲಕ್ಷ ಕಟ್ಟಿದ ಕೈ ಇದು. ನೀನು ಸಾರಿಗೆ ಒಗ್ಗರಣೆ ಹಾಕು" ಎಂದರು.

ನನಗೆ ಹೇಳದೆ ಅದನ್ನು ಇಟ್ಟದ್ದು ನನ್ನ ಅಡುಗೆಮನೆಯ ಕಪಾಟಿನಲ್ಲಿ. ಪಕ್ಕದ ಮನೆಯ, ನನಗೆ ಅತ್ತಿಗೆಯಂತಿರುವ ಅಪರ್ಣಾ ಬೌದಿ ಸಂದೇಶ್ ಮಿಠಾಯಿ ಹಾಕಿ ಕೊಟ್ಟಿದ್ದ ಸ್ಟೀಲ್ ಡಬ್ಬದೊಳಗೆ. ಡಬ್ಬ ಹಿಂದಿರುಗಿಸೋಣವೆಂದು ತೆಗೆದೆ. ಮುಚ್ಚಳ ಎತ್ತಿ, ಒಳಗೇನಿದೆ ಎಂದು ಬಗ್ಗಿದೆ. ಹುರಿ ಕಿತ್ತು ಸ್ಪ್ರಿಂಗು ಎಗರಿತು.

ಆಸ್ಪತ್ರೆಯಲ್ಲಿ ಇವರು ನರ್ಸಿಗೆ, ನಾನು ಕೇಳದೆ ಮುಟ್ಟಿದೆ ಎಂದು ಹೇಳಿದರು. ಆಮೇಲೆ ಅತ್ತರು ಕೂಡ. ಬ್ಯಾಂಕಿನವರೆಲ್ಲ ಮನೆಗೆ ಬಂದು ಇವರಿಗೇ ಸಮಾಧಾನ ಹೇಳಿ, ಚಹಾ ಕುಡಿದು ಹೋದರು. ಚಹಾ ಮಾಡಿದವಳು ನಾನು. ಬೌದಿ ಮಾತ್ರ ಮೇಜಿನತ್ತ ನೋಡಿ, "ಸ್ವಸ್ತಿಕ್ ದಾ, ಈ ಗಾಡಿ ಓಡಿದರೂ ಅದರಲ್ಲಿ ಕೂರುವವರು ಯಾರು?" ಎಂದು ಇವರನ್ನು ಹಿಂದಿಯಲ್ಲಿ ಕೇಳಿದರು. ಇವರು ಬೋಲ್ಟು ಒರೆಸುತ್ತ ಕೂತರು.

ಇಷ್ಟಾದರೂ ಮೆರವಣಿಗೆಯ ದಿನ ಪಕ್ಕದ ಸೀಟಿನಲ್ಲಿ ನಾನೇ ಕೂರಬೇಕಂತೆ. ಕಪ್ಪು ಕನ್ನಡಕ ತಂದಿದ್ದಾರೆ. "ಹಳೆ ಕಾರಿಗೆ ಲಾಯ್ಕ್ ಕಾಣ್ತದೆ" ಎಂದರು. ಕನ್ನಡಕವನ್ನು ಅದೇ ಡಬ್ಬಕ್ಕೆ ಹಾಕಿ, ಮುಚ್ಚಳ ಮುಚ್ಚಿ, ಇವರ ಇಂಜಿನ್ನಿನ ಪಕ್ಕ ಇಟ್ಟೆ. ಬಾಯಿಲ್ಲದವಳು ಅಷ್ಟಾದರೂ ಮಾಡಬಲ್ಲೆ.

ಸೋಮವಾರ ಬೌದಿಯ ಜೊತೆ ಮೆಟ್ರೋದಲ್ಲಿ ಆಸ್ಪತ್ರೆಗೆ ಹೋಗುತ್ತೇನೆ. ಇವರು ಬರುತ್ತೇನೆಂದರು, ಬೇಡವೆಂದೆ. ಕಣ್ಣು ಕಂಡರೆ, ಅದಕ್ಕೆ ಮೊದಲು ಕಾಣುವ ಮುಖ ಇವರದಾಗುವುದು ಬೇಡ.

ಪೂರ್ವಿಗೆ ನನ್ನ ಮುತ್ತು. ಅವಳ ಎರಡೂ ಕಣ್ಣು ತಣ್ಣಗಿರಲಿ. ನಿನ್ನ ಆಶೀರ್ವಾದ ಸೋಮವಾರದೊಳಗೆ ನನಗೆ ತಲುಪಲಿ.

ನಿನ್ನ ತಂಗಿ,
ಸುಗಂಧಿ

ತಾ.ಕ.: ಗಂಡನನ್ನು ಬೇಡವೆಂದದ್ದು ಏಕೆಂದು ನೀನು ಕೇಳದೆ ಬಿಡುವವಳಲ್ಲ. ಸ್ಪ್ರಿಂಗು ಬಡಿದಾಗ ಕೂಗಿದೆ. ಇವರು ಓಡಿ ಬಂದರು. ಕಣ್ಣಿಗೆ ಕೈ ಒತ್ತಿಕೊಂಡಿದ್ದೆ, ಬೆರಳ ಸಂದಿಯಿಂದ ರಕ್ತ ಇಳಿಯುತ್ತಿತ್ತು. "ಅಲುಗಾಡ್ಬೇಡ, ಆ ಸ್ಪ್ರಿಂಗು ಈಗ ಯಾವ ಅಂಗಡೀಲೂ ಸಿಗುದಿಲ್ಲ" ಎಂದು ಇವರು ಮೊಣಕಾಲೂರಿ ಕಪಾಟಿನ ಕೆಳಗೆ ಟಾರ್ಚು ಹಾಕಿದರು. ಅದು ಸಿಗುವವರೆಗೂ, ಅಕ್ಕ, ನಾನು ಅಲುಗಾಡದೆ ನಿಂತಿದ್ದೆ.