ಊದದ ಮುಂಗೈ

ಎಂತಿನ್ ಅಕ್ಕಾ,

ಇದನ್ನು ನಿನ್ನ ಮಗಳು ಇಮಾಸ್ ಗಟ್ಟಿಯಾಗಿ ಓದುತ್ತಿರುತ್ತಾಳೆ, ನೀನು ಗೋಡೆಗೊರಗಿ ಕೆಮ್ಮುತ್ತಾ ಕೇಳುತ್ತಿರುತ್ತೀಯ. ನಡುವೆ ಬಾಯಿ ಹಾಕಬೇಡ. ಅವಳ ಕೈಯಿಂದ ಕಾಗದ ಕಿತ್ತುಕೊಳ್ಳಲೂಬೇಡ. ನಿನ್ನೆ ನಿನ್ನೆದುರು ಕೂತು ಹೇಳಬೇಕಾಗಿದ್ದ ಮಾತಿದು. ಧೈರ್ಯ ಸಾಲದೆ ಹವಾಮಾನದ ಬಗ್ಗೆ ಮಾತಾಡಿ ಎದ್ದು ಬಂದೆ.

ಮೂರು ವಾರದಿಂದ ನೀನು ಕ್ಷಯದ ಮಾತ್ರೆ ನುಂಗುತ್ತಿಲ್ಲ. ಕಫದಲ್ಲಿ ರೋಗಾಣು ಕಂಡಿದೆ ಎಂದು ಹೇಳಿದ ದಾದಿಯನ್ನೇ ಬೈದು ಕಳಿಸಿದೆಯಂತೆ. "ನಂಗೆಲ್ಲಿಂದ ಬರುತ್ತೆ ಕ್ಷಯ? ನಮ್ ನೆಂದೆನ್ ಡಾಕ್ಟ್ರನ್ನ ಕೇಳ್ಕೊಂಡ್ ಬಾ ಹೋಗು, ನನ್ ರಕ್ತ ಅಂಥಾದ್ದಲ್ಲ!" ನನ್ನ ಮಾತು ನಂಬಿಕೊಂಡು ನೀನು ಸಾಯಲು ಕೂತಿದ್ದೀಯ, ಅಕ್ಕಾ. ಅದಕ್ಕೇ ಈ ಕಾಗದ.

ಹನ್ನೊಂದು ವರ್ಷದ ಹಿಂದೆ ಕ್ಷಯದ ಸಂಶೋಧನೆಗೆಂದು ಚಿಕಪುಂದುಂಗ್ ಹೊಳೆ ದಂಡೆಯ ನಿಮ್ಮ ಓಣಿಗೆ ಬಂದಾಗ ನಾನು ಆಗತಾನೆ ಹೊರದೇಶದಲ್ಲಿ ಓದು ಮುಗಿಸಿ ಬಾಂಡುಂಗ್‌ಗೆ ಮರಳಿದ್ದೆ. ನಿನ್ನ ಗಂಡ ಓಡಂಗ್ ಅಣ್ಣನಿಗೆ ಯಾವ ಔಷಧಿಗೂ ಬಗ್ಗದ ಕ್ಷಯ. ಅವರು ತೀರಿಕೊಳ್ಳುವವರೆಗೆ ನಾಲ್ಕು ವರ್ಷ ನಿಮಗೆ ಒಂದೇ ಕೋಣೆ, ಒಂದೇ ಚಾಪೆ. ರೋಗಾಣು ಮೈಯೊಳಗೆ ಸೇರಿದ್ದರೆ ಪರೀಕ್ಷೆಗೆಂದು ಮುಂಗೈಗೆ ಸೂಜಿಮದ್ದು ಚುಚ್ಚಿದ ಜಾಗ ಮೂರನೇ ದಿನಕ್ಕೆ ಊದಬೇಕು. ಇಮಾಸಳದು ಊದಿತು. ನಿನ್ನದು ಊದಲಿಲ್ಲ. ವರ್ಷ ವರ್ಷ ಚುಚ್ಚಿದರೂ ಊದಲಿಲ್ಲ.

ನಾನು ಕುಣಿದಾಡಿಬಿಟ್ಟೆ. ನಿನ್ನ ರಕ್ತದಲ್ಲಿ ಏನೋ ಇದೆ, ಅದನ್ನು ಹಿಡಿದರೆ ಲೋಕಕ್ಕೇ ಲಸಿಕೆ ಸಿಗುತ್ತದೆ ಅಂದುಕೊಂಡೆ. "ಕ್ಷಯ ನಿನ್ನ ಹತ್ರಾನೂ ಸುಳಿಯಲ್ಲ ಅಕ್ಕ" ಎಂದು ಓಣಿಯವರೆಲ್ಲರ ಮುಂದೆ ಹೇಳಿದೆ. ಪಕ್ಕದ ಮನೆಯವರು "ಇವಳನ್ನ ಕಂಡ್ರೆ ಕ್ಷಯಕ್ಕೇ ಕೆಮ್ಮು ಬರುತ್ತೆ" ಎಂದು ನಕ್ಕರು, ನೀನೂ ಹೆಮ್ಮೆಯಿಂದ ನಕ್ಕೆ. ಆಮೇಲೆ ಬಾಯಿಗೆ ಬಟ್ಟೆಯೂ ಕಟ್ಟದೆ ಓಣಿಯ ರೋಗಿಗಳಿಗೆಲ್ಲ ಗಂಜಿ ಕುಡಿಸಲು ಹೊರಟೆ. ಇತ್ತ ನಿನ್ನ ರಕ್ತದ ಮೇಲೆ ಲೇಖನ ಬರೆದು ನಾನು ಪ್ರೊಫೆಸರ್ ಆದೆ.

ಹೋದ ವಾರ ಇಮಾಸ್ ನನ್ನ ಪ್ರಯೋಗಾಲಯದ ಮೆಟ್ಟಿಲ ಮೇಲೆ ಅಳುತ್ತಾ ನಿಂತಿದ್ದಳು. "ಅಪ್ಪ ಹಾಸಿಗೆ ಹಿಡಿದ ದಿನದಿಂದ ಅಮ್ಮ ಉಣ್ಣೋದು ಒಪ್ಪತ್ತೇ, ಡಾಕ್ಟ್ರೇ. ಮೊದ್ಲು ಅಪ್ಪಂಗೆ ಅಂದ್ಲು, ಆಮೇಲೆ ನಂಗೆ, ಈಗ ಮೊಮ್ಮಕ್ಕಳಿಗೆ. ಅವಳ ಪಾಲಿಗೆ ಅನ್ನ, ಉಪ್ಪು." ಪ್ರಯೋಗಾಲಯದಿಂದ ನಾವು ಬಂದಾಗಲೆಲ್ಲ ನೀನು ಕರಿದ ಸೋಯಾ ತೆಂಪೆ, ಉಪ್ಪುಮೀನು ತಟ್ಟೆಗಿಟ್ಟು "ತಿನ್ನಿ ತಿನ್ನಿ, ನಂದಾಯ್ತು" ಅನ್ನುತ್ತಿದ್ದೆ. ಬೇಡ ಅಂದರೆ ಮನೆಯವರಿಗೆ ಅವಮಾನವಲ್ಲವೇ? ಹಾಗಾಗಿ ತಟ್ಟೆ ಖಾಲಿ ಮಾಡುತ್ತಿದ್ದೆವು. ಆಮೇಲೆ ನಿನ್ನ ರಕ್ತ ತೆಗೆದುಕೊಂಡು ಹೋಗುತ್ತಿದ್ದೆವು.

ಕೇಳು. ಮೈಯ ಕಾವಲುಗಾರರು ಎದ್ದು ಗದ್ದಲ ಮಾಡಿದರೆ ಮುಂಗೈ ಊದುತ್ತದೆ. ವರ್ಷಗಟ್ಟಲೆ ಹಸಿದ ಮೈಗೆ ಗದ್ದಲ ಮಾಡುವಷ್ಟೂ ತ್ರಾಣವಿರುವುದಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ನಾನೇ ಪಾಠ ಮಾಡುತ್ತೇನೆ! ಆದರೂ ನಿನ್ನ ಮೂವತ್ತನಾಲ್ಕು ಕಿಲೋ ತೂಕ ನೋಡಿ "ಸಣ್ಣ ಮೈಕಟ್ಟು" ಎಂದು ಬರೆದುಕೊಂಡೆ. ಗೆಲುವು ಕಾಣಬೇಕೆಂಬ ಆಸೆ ನನ್ನ ಕಣ್ಣು ಕಟ್ಟಿತ್ತು. ನಿನ್ನ ರಕ್ತ ರೋಗವನ್ನು ತಡೆದಿರಲಿಲ್ಲ, ಅಕ್ಕಾ. ರೋಗಾಣು ಒಳಗೆ ಬಂದಾಗ ಕೂಗಿಕೊಳ್ಳಲೂ ಅದಕ್ಕೆ ಶಕ್ತಿಯಿರಲಿಲ್ಲ.

ಇವತ್ತು ಬೆಳಿಗ್ಗೆ ನನ್ನ ಲೇಖನ ತಪ್ಪು, ಹಿಂದಕ್ಕೆ ಪಡೆಯುತ್ತೇನೆ ಎಂದು ಅದನ್ನು ಅಚ್ಚು ಹಾಕಿದ ವೈದ್ಯಕೀಯ ಪತ್ರಿಕೆಗೆ ಬರೆದೆ. "ಒಬ್ಬ ಹೆಂಗಸಿಗೋಸ್ಕರ ಇಷ್ಟು ವರ್ಷದ ಹೆಸರನ್ನ ಹೊಳೆಗೆ ಹಾಕ್ತೀಯಾ?" ಎಂದು ಜೊತೆಯವರು ರೇಗಿದರು. ಹಾಕಿದೆ. ಹೆಸರು ಹೋಯಿತೆಂದು ನೋವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಆ ಲೇಖನ ಇರುವವರೆಗೂ ನೀನು ಅದನ್ನೇ ತೋರಿಸಿ ಮಾತ್ರೆ ಬೇಡ ಅನ್ನುತ್ತೀಯ.

ನಿನ್ನ ರಕ್ತ ಎಲ್ಲರ ರಕ್ತದ ಹಾಗೇ ಇದೆ. ನಿನಗೆ ಕ್ಷಯ ಬಂದಿದೆ. ಅಣ್ಣನದರ ಹಾಗಲ್ಲ, ಇದು ಔಷಧಿಗೆ ಬಗ್ಗುವ ಕ್ಷಯ; ಆರು ತಿಂಗಳು ತಪ್ಪದೆ ಮಾತ್ರೆ ನುಂಗಿದರೆ ವಾಸಿಯಾಗುತ್ತದೆ. ಈ ಸಲ ನಾನು ಹೇಳುತ್ತಿರುವುದು ನಿಜ. ಇಮಾಸ್, ಇಲ್ಲಿಗೆ ಓದು ನಿಲ್ಲಿಸಿ ನೀರು ತಾ.

ನುಂಗು ಅಕ್ಕಾ. ಆಮೇಲೆ ಎಷ್ಟು ಬೇಕೋ ಅಷ್ಟು ಬೈ. ನನ್ನನ್ನು ಬೈಯುವುದಕ್ಕಾದರೂ ದೇವರು ನಿನಗೆ ನೂರು ವರ್ಷ ಆಯಸ್ಸು ಕೊಡಲಿ.

ನಿನಗೆ ತಪ್ಪು ಹೇಳಿದ,
ನೆಂದೆನ್