ನೇರಳೆ ಕಲ್ಲಿನ ವಾಸನೆ

ತೀರ್ಥಹಳ್ಳಿ
೧೨ ಆಗಸ್ಟ್ ೧೯೮೧

ಶ್ರೀ ಮುಕುಂದಯ್ಯನವರಿಗೆ,

ಗಂಡನ ಹೆಸರನ್ನು ಕೈಯಾರೆ ಬರೆದದ್ದು ಇದೇ ಮೊದಲು. ಬೇರೆ ರೀತಿ ಕರೆಯಲು ಮನಸ್ಸು ಒಪ್ಪಲಿಲ್ಲ.

ಸಿಟ್ಟು ಇಳಿದಿದ್ದರೆ ಹೊಸನಗರಕ್ಕೆ ವಾಪಸು ಬಾ ಎಂದು ಬರೆದಿದ್ದೀರಿ. ಇಳಿದಿಲ್ಲ.

ನಿಮ್ಮ ಕ್ವಾರಿಯಲ್ಲಿ ಆ ಕಡುನೇರಳೆ ಕಲ್ಲು ಸಿಕ್ಕಾಗ, ಒಡೆದರೆ ಬ್ಲೀಚಿಂಗ್ ಪುಡಿಯಂಥ ವಾಸನೆ ಬರುತ್ತದೆಂದು ಕೆಲಸದ ಹೆಂಗಸರು ಹೇಳಿದ್ದರು. ಸಾಗರದ ಭೂವಿಜ್ಞಾನದ ಮೇಷ್ಟ್ರು ಉಮಾಮಹೇಶ್ವರರನ್ನು ನೀವೇ ಕರೆಸಿ ತೋರಿಸಿದಿರಿ. ಅವರು ಜಗಲಿಯಲ್ಲಿ ಕೂತು ಹೇಳಿದ್ದನ್ನು ಕಾಫಿ ತಂದ ನಾನೂ ಕೇಳಿದೆ. "ಇದು ಫ್ಲೋರಿನ್ ಅನಿಲ ಅಂತ ಕಾಣ್ತದೆ. ಏನು ಸಿಕ್ಕಿದ್ರೂ ಅದರ ಜೊತೆ ಕೂಡಿಬಿಡ್ತದೆ, ಹಾಗಾಗಿ ಹೊರಗೆ ಬಿಡಿಯಾಗಿ ಉಳಿಯೋದಿಲ್ಲ. ಈ ಕಲ್ಲಿನೊಳಗೆ ಸಿಕ್ಕಿಹಾಕ್ಕೊಂಡಿದೆ, ಒಡೆದಾಗ ಬರ್ತದೆ. ಸ್ವಲ್ಪವೇ ಇರಬಹುದು. ಆದ್ರೂ ವಿಷ ವಿಷವೇ, ಮುಚ್ಚಿದ ಜಾಗದಲ್ಲಿ ಒಡೆಸಬೇಡಿ." ನೀವು ತಲೆಯಾಡಿಸಿದಿರಿ.

ಮಳೆ ಹಿಡಿದ ಮೇಲೆ ಕ್ವಾರಿಯ ಶೆಡ್ಡಿನ ಸುತ್ತ ತಾಡಪಾಲು ಕಟ್ಟಿಸಿ ಅದರೊಳಗೆ ಆ ಕಲ್ಲನ್ನೇ ಒಡೆಸಿದಿರಿ. ರಸ್ತೆ ಕೆಲಸಕ್ಕೆ ಜಲ್ಲಿ ತಡವಾಗಬಾರದಿತ್ತು. ಬಸುರಿ ಕನ್ನಮ್ಮ ಹಿತ್ತಲಿಗೆ ಬಂದು, "ಅಮ್ಮಾ, ಆ ಕಲ್ಲು ಒಡೆದ್ರೆ ಗಂಟ್ಲು ಉರೀತದೆ, ತಿಂದಿದ್ದು ಒಳಗೆ ನಿಲ್ಲಾದಿಲ್ಲ. ಒಡೇರಿಗೆ ಒಂದ್ಮಾತು ಹೇಳಿ" ಎಂದಳು. ಹೇಳಿದೆ. "ಬಸುರಿ ವಾಂತಿ ಮಾಡ್ದೆ ಇನ್ನೇನು ಮಾಡ್ತಾಳೆ? ಎಲ್ಲ ಮೈಗಳ್ಳತನ" ಎಂದು ನಕ್ಕಿರಿ. ಮೇಷ್ಟ್ರ ಮಾತು ನೆನಪಿಸಿದ್ದಕ್ಕೆ, "ಆ ಮಾತು ಹೊಸಿಲು ದಾಟಿದ್ರೆ ನೀನೂ ದಾಟು" ಎಂದಿರಿ.

ಮರುದಿನ ಬೆಳಿಗ್ಗೆ ಶೆಡ್ಡಿಗೆ ಹೋಗಿ ಹೆಂಗಸರಿಗೆ ಎಲ್ಲವನ್ನೂ ಹೇಳಿದೆ. ಅವರು ಸುತ್ತಿಗೆ ಕೆಳಗಿಟ್ಟು ಹೊರಗೆ ಬಂದರು. ಸಂಜೆಯೊಳಗೆ ನನ್ನ ಟ್ರಂಕು ಬೀದಿಯಲ್ಲಿತ್ತು. ಕನ್ನಮ್ಮನ ಗಂಡ, ನಿಮ್ಮ ತೋಟದಲ್ಲಿ ದುಡಿಯುತ್ತಿದ್ದ ಗಿರಿಯಪ್ಪ ಅದನ್ನು ಬಸ್ಸಿನವರೆಗೆ ಹೊತ್ತು ತಂದ. ನೀವು ಬಾಗಿಲಲ್ಲಿ ನಿಂತು ನೋಡಿದಿರಿ, ಅಷ್ಟೆ.

ಈಗ ಕಾರ್ಮಿಕ ಇಲಾಖೆಯವರು ಬಂದು ಕ್ವಾರಿ ನಿಲ್ಲಿಸಿದ್ದಾರೆ, ಜನರೆದುರು ಮಾನ ಹೋಯಿತು, ನೀನು ಬಂದು ಜೊತೆಗಿದ್ದರೆ ಮರ್ಯಾದೆ ಉಳಿಯುತ್ತದೆ ಎಂದು ಬರೆದಿದ್ದೀರಿ. ಅಷ್ಟುದ್ದದ ಪತ್ರದಲ್ಲಿ ಕನ್ನಮ್ಮ ಹೇಗಿದ್ದಾಳೆಂದು ಒಂದು ಮಾತಿಲ್ಲ. ನಾನು ಹೇಗಿದ್ದೇನೆಂದೂ ಇಲ್ಲ. ಕನ್ನಮ್ಮನ ಗಂಟಲುರಿ ಇಳಿಯುತ್ತಿದೆ. ನಾನು ಚೆನ್ನಾಗಿದ್ದೇನೆ.

ನಿಮ್ಮ ಮನೆಗೆ ಮತ್ತೆ ಬರುವುದಿಲ್ಲ. ಅಪ್ಪನ ಮೂಲಕ ಹೇಳಿಕಳಿಸಬೇಡಿ. ಅವರೂ ನಿಮಗೆ ಹೇಳುವುದು ಇದನ್ನೇ.

ಇಂತಿ,
ದುಗ್ಗಪ್ಪನವರ ಮಗಳು
ತುಂಗಮ್ಮ

ಮರೆತಿದ್ದೆ: ಇಲಾಖೆಗೆ ದೂರು ಕೊಟ್ಟವಳು ಕನ್ನಮ್ಮನೆಂದುಕೊಂಡು ಗಿರಿಯಪ್ಪನನ್ನು ತೋಟದ ಕೆಲಸದಿಂದ ತೆಗೆದಿರಂತೆ. ಅವನನ್ನು ವಾಪಸು ಕರೆಯಿರಿ. ದೂರಿನ ಅರ್ಜಿಗೆ ಸಹಿ ಹಾಕಿದವಳು ನಾನು. ವಿಚಾರಣೆಯ ದಿನ ಹೊಸನಗರಕ್ಕೆ ಬರುತ್ತೇನೆ. ಮೇಷ್ಟ್ರೂ ಬರಲು ಒಪ್ಪಿದ್ದಾರೆ.